ಐದು ಹೈಸ್ಕೂಲು, ಒಂದೇ ಆಡಳಿತ: ಕೂಪರ್ಟೀನೊ ಸುತ್ತ ಮನೆ ಹಿಡಿಯುವ ಮುನ್ನ

ಬೆಂಗಳೂರಿನಿಂದ ಸಿಲಿಕಾನ್ ವ್ಯಾಲಿಗೆ ಹೊರಟ ಕುಟುಂಬದಲ್ಲಿ ಏಳನೆಯದೋ ಎಂಟನೆಯದೋ ಓದುವ ಮಗುವಿದ್ದರೆ ಮನೆಯ ಹುಡುಕಾಟ ಹೈಸ್ಕೂಲಿನಿಂದಲೇ ಶುರುವಾಗುತ್ತದೆ. ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಶುಲ್ಕವೂ ಇಲ್ಲ. ಇರುವುದು ಒಂದೇ ನಿಯಮ: ನೀವು ವಾಸ ಮಾಡುವ ವಿಳಾಸ ಯಾವ ಶಾಲೆಯ ಗಡಿಯೊಳಗಿದೆಯೋ ಮಕ್ಕಳಿಗೆ ಆ ಶಾಲೆ. ಹಾಗಾಗಿ ಫೀಸು ಕಟ್ಟುವುದು ಶಾಲೆಗಲ್ಲ, ಮನೆ ಮಾಲೀಕನಿಗೆ. ಒಂದೇ ರಸ್ತೆಯ ಈ ಬದಿಗೂ ಆ ಬದಿಗೂ ಬಾಡಿಗೆ ಬೇರೆ, ಮನೆಯ ಬೆಲೆ ಬೇರೆ ಆಗುವುದು ಇದರಿಂದಲೇ.

ಯುಗಾದಿಗೋ ರಾಜ್ಯೋತ್ಸವಕ್ಕೋ ಅಲ್ಲಿ ನಾಲ್ಕು ಕನ್ನಡ ಕುಟುಂಬ ಸೇರಿದರೆ ಹೊಸಬರಿಗೆ ಸಲಹೆ ಧಾರಾಳವಾಗಿ ಸಿಗುತ್ತದೆ. ಒಬ್ಬರು ಮೋಂಟಾ ವಿಸ್ಟಾ ಬಿಟ್ಟರೆ ಬೇರೆ ನೋಡಬೇಡಿ ಎನ್ನುತ್ತಾರೆ, ಇನ್ನೊಬ್ಬರು ಲಿನ್‌ಬ್ರುಕ್ ಅದಕ್ಕಿಂತ ಮೇಲು ಎನ್ನುತ್ತಾರೆ, ಮತ್ತೊಬ್ಬರು ದನಿ ತಗ್ಗಿಸಿ, ಫ್ರೀಮಾಂಟ್ ಹೈ ಗಡಿಗೆ ಬೀಳದ ಹಾಗೆ ನೋಡಿಕೊಳ್ಳಿ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಂದೇ ಆಡಳಿತದ ಕೆಳಗಿರುವ ಐದು ಶಾಲೆಗಳನ್ನು ಹೋಲಿಸುವುದಕ್ಕೆ ಇಷ್ಟು ಮಾತು ಸಾಲದು.

ಆಡಳಿತದ ಹೆಸರು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ನಮ್ಮ ಬಿಇಒ ಕಚೇರಿಯಂತೆ ಇದು ಸರ್ಕಾರದ ಇಲಾಖೆಯ ಕೊಂಬೆಯಲ್ಲ. ಊರಿನ ಮತದಾರರು ಆರಿಸಿದ ಐವರ ಮಂಡಳಿ ಇದನ್ನು ನಡೆಸುತ್ತದೆ. ಕೂಪರ್ಟೀನೊ, ಸನ್ನಿವೇಲ್‌ನ ಬಹುಭಾಗ, ಪಶ್ಚಿಮ ಸ್ಯಾನ್ ಹೋಸೆಯ ಒಂದು ಪಟ್ಟಿ, ಜೊತೆಗೆ ಅಕ್ಕಪಕ್ಕದ ಊರುಗಳ ಚೂರುಪಾರು ಇದರ ವ್ಯಾಪ್ತಿ. 9ರಿಂದ 12ನೇ ತರಗತಿಯವರೆಗೆ ಮಾತ್ರ ಇದರ ಕೆಲಸ. ಕೆಳಗಿನ ತರಗತಿಗಳನ್ನು ಬೇರೆ ಡಿಸ್ಟ್ರಿಕ್ಟುಗಳು ನೋಡಿಕೊಳ್ಳುತ್ತವೆ. ಶಾಲೆಗಳು ಐದೇ: 1920ರ ದಶಕದಷ್ಟು ಹಳೆಯದಾದ ಫ್ರೀಮಾಂಟ್ ಹೈ, 1958ರ ಕೂಪರ್ಟೀನೊ ಹೈ, 1962ರ ಹೋಮ್‌ಸ್ಟೆಡ್, 1965ರ ಲಿನ್‌ಬ್ರುಕ್, 1969ರ ಮೋಂಟಾ ವಿಸ್ಟಾ. ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಓದಿದ್ದು ಹೋಮ್‌ಸ್ಟೆಡ್‌ನಲ್ಲಿ. ಜಾನ್ ಮೆಕಾಲಂ ಎಂಬ ಮೇಷ್ಟ್ರು ಅಲ್ಲಿ ನಡೆಸುತ್ತಿದ್ದ ಎಲೆಕ್ಟ್ರಾನಿಕ್ಸ್ ತರಗತಿ ವೋಜ್ನಿಯಾಕ್ ಅವರ ಮೇಲೆ ಮಾಡಿದ ಪರಿಣಾಮವನ್ನು ಅವರೇ ಮತ್ತೆ ಮತ್ತೆ ನೆನೆದಿದ್ದಾರೆ. ರ‍್ಯಾಂಕಿಂಗ್ ಪಟ್ಟಿಗಳಿಲ್ಲದ ಕಾಲ ಅದು.

ಗಡಿಯ ಮಾತು ಮೊದಲು

ಹೊಸಬರು ಎಡವುವ ಮೊದಲ ಜಾಗ ಹೆಸರು. ಫ್ರೀಮಾಂಟ್ ಎಂಬ ಊರು ಕೊಲ್ಲಿಯ ಆಚೆ ದಡದಲ್ಲಿದೆ. ಅದರ ಶಾಲೆಗಳನ್ನು ನಡೆಸುವುದು ಫ್ರೀಮಾಂಟ್ ಯೂನಿಫೈಡ್ ಎಂಬ ಬೇರೆಯೇ ಡಿಸ್ಟ್ರಿಕ್ಟ್. ಫ್ರೀಮಾಂಟ್ ಹೈ ಇರುವುದು ಸನ್ನಿವೇಲ್‌ನಲ್ಲಿ. ಲಿನ್‌ಬ್ರುಕ್ ಇರುವುದು ಕೂಪರ್ಟೀನೊದಲ್ಲಲ್ಲ, ಪಶ್ಚಿಮ ಸ್ಯಾನ್ ಹೋಸೆಯಲ್ಲಿ. ಕೂಪರ್ಟೀನೊದ ವಿಳಾಸವಿದ್ದ ಮಾತ್ರಕ್ಕೆ ಕೂಪರ್ಟೀನೊ ಹೈ ಸಿಗುತ್ತದೆ ಎಂದೇನಿಲ್ಲ. ಬೀದಿಯನ್ನು ನೋಡಿ ಮೋಂಟಾ ವಿಸ್ಟಾ ಆಗಬಹುದು, ಹೋಮ್‌ಸ್ಟೆಡ್ ಆಗಬಹುದು. ಸನ್ನಿವೇಲ್‌ನ ಪೂರ್ವದ ಕೆಲವು ಬಡಾವಣೆಗಳ ಮಕ್ಕಳು ಈ ಐದಕ್ಕೂ ಬರುವುದಿಲ್ಲ. ಅವರು ಸಾಂತಾ ಕ್ಲಾರ ಯೂನಿಫೈಡ್‌ಗೆ ಸೇರಿದವರು. ಪಶ್ಚಿಮ ಸ್ಯಾನ್ ಹೋಸೆಯಲ್ಲೂ ಹಾಗೆಯೇ, ಒಂದು ಬೀದಿ ಲಿನ್‌ಬ್ರುಕ್‌ಗೆ ಹೋದರೆ ಸ್ವಲ್ಪ ದೂರದ ಬೀದಿ ಕ್ಯಾಂಬೆಲ್ ಯೂನಿಯನ್ ಎಂಬ ನೆರೆಯ ಡಿಸ್ಟ್ರಿಕ್ಟಿಗೆ ಹೋಗುತ್ತದೆ.

ಆದ್ದರಿಂದ ಪಿನ್ ಕೋಡ್ ನಂಬಬೇಡಿ. ಬಾಡಿಗೆ ಜಾಹೀರಾತಿನ 'ಟಾಪ್ ಕೂಪರ್ಟೀನೊ ಸ್ಕೂಲ್ಸ್' ಎಂಬ ಸಾಲನ್ನಂತೂ ನಂಬಲೇಬೇಡಿ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಸೌಲಭ್ಯವಿದೆ. ಮನೆ ನಂಬರಿನ ಸಮೇತ ವಿಳಾಸ ಹಾಕಿ ನೋಡಿ. ಅನುಮಾನ ಉಳಿದರೆ ದಾಖಲಾತಿ ಕಚೇರಿಗೆ ಫೋನು ಮಾಡಿ, ಬರಹದಲ್ಲಿ ಉತ್ತರ ಕೇಳಿ.

ವಿಳಾಸದ ವಿಷಯದಲ್ಲಿ ಈ ಡಿಸ್ಟ್ರಿಕ್ಟ್ ಬಹಳ ಬಿಗಿ. ಅದಕ್ಕೊಂದು ಲೆಕ್ಕಾಚಾರದ ಕಾರಣವಿದೆ. ಕ್ಯಾಲಿಫೋರ್ನಿಯದ ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ಹಾಜರಾತಿ ನೋಡಿ ರಾಜ್ಯದಿಂದ ಹಣ ಬರುತ್ತದೆ, ಒಂದು ಮಗು ಹೆಚ್ಚಾದರೆ ಅಷ್ಟು ಹಣ ಹೆಚ್ಚು. ಇಲ್ಲಿ ಹಾಗಲ್ಲ. ಸ್ಥಳೀಯ ಆಸ್ತಿ ತೆರಿಗೆಯೇ ರಾಜ್ಯದ ಸೂತ್ರ ಕೊಡುವುದಕ್ಕಿಂತ ಹೆಚ್ಚಾಗುವುದರಿಂದ ಡಿಸ್ಟ್ರಿಕ್ಟ್ ಆ ತೆರಿಗೆಯ ಮೇಲೆಯೇ ನಡೆಯುತ್ತದೆ. ಹೊರಗಿನ ಒಂದು ಮಗು ಬಂದರೆ ಹಣ ಹೆಚ್ಚಾಗುವುದಿಲ್ಲ, ಪಾಲು ಮಾತ್ರ ಹೆಚ್ಚಾಗುತ್ತದೆ. ಲೀಸ್ ಪತ್ರ, ಕರೆಂಟು ಬಿಲ್ಲು ಎಲ್ಲ ನಿಮ್ಮ ಹೆಸರಿನಲ್ಲೇ ಇರಬೇಕು. ಸಂಶಯ ಬಂದರೆ ಮನೆಗೇ ಬಂದು ನೋಡುವುದೂ ಉಂಟು. ಗೆಳೆಯರ ವಿಳಾಸ ಕೊಟ್ಟು ಸೇರಿಸುವ ಯೋಚನೆ ತಲೆಯಲ್ಲಿದ್ದರೆ ಈಗಲೇ ಬಿಡಿ. ಸಿಕ್ಕಿಬಿದ್ದರೆ ನಡುವರ್ಷದಲ್ಲಿ ಶಾಲೆ ಬಿಡಬೇಕಾದದ್ದು ಮಗು. ಬೇರೆ ಕುಟುಂಬದ ಜೊತೆ ನಿಜವಾಗಿಯೇ ಮನೆ ಹಂಚಿಕೊಂಡಿದ್ದರೆ ಅದಕ್ಕೆ ಬೇರೆ ದಾಖಲೆಗಳ ದಾರಿಯಿದೆ. ಮುಚ್ಚಿಡದೆ ಕೇಳಿ. ವೀಸಾ ಯಾವುದು ಎಂಬ ಭಯ ಮಾತ್ರ ಬೇಡ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ಪ್ಲೈಲರ್ ವಿರುದ್ಧ ಡೋ ತೀರ್ಪಿನ ಪ್ರಕಾರ ವಲಸೆಯ ಸ್ಥಿತಿಗತಿಯನ್ನು ನೆಪ ಮಾಡಿ ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ.

ಒಂದರಿಂದ ಹತ್ತರವರೆಗಿನ ಆ ನಂಬರು

ಮನೆ ಹುಡುಕುವ ಜಿಲೊ, ರೆಡ್‌ಫಿನ್‌ಗಳಲ್ಲಿ ಪ್ರತಿ ಮನೆಯ ಕೆಳಗೆ ಶಾಲೆಯ ಹೆಸರು, ಅದರ ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂಬ ಅಂಕ ಕಾಣುತ್ತದೆ. ಅದನ್ನು ಕೊಡುವುದು ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆ. ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಶ್ ಎಂಬ ಇನ್ನೊಂದು ಸಂಸ್ಥೆ ಎ ಪ್ಲಸ್, ಎ, ಬಿ ಎಂದು ದರ್ಜೆ ಕೊಡುತ್ತದೆ. ಅದರಲ್ಲಿ ಪೋಷಕರ, ವಿದ್ಯಾರ್ಥಿಗಳ ಅಭಿಪ್ರಾಯಕ್ಕೂ ಪಾಲುಂಟು. ಯು.ಎಸ್. ನ್ಯೂಸ್ ಪತ್ರಿಕೆ ಇಡೀ ದೇಶದ ಹೈಸ್ಕೂಲುಗಳಿಗೆ ರ‍್ಯಾಂಕ್ ಕೊಡುತ್ತದೆ.

ಯು.ಎಸ್. ನ್ಯೂಸ್‌ನ ಲೆಕ್ಕ ಬಿಡಿಸಿದರೆ ಕುತೂಹಲದ ವಿಷಯ ಹೊರಬೀಳುತ್ತದೆ. ನೂರರಲ್ಲಿ 40 ಪಾಲು ಕಾಲೇಜು ಮಟ್ಟದ ಪರೀಕ್ಷೆಗಳನ್ನು, ಅಂದರೆ ಎಪಿ ಅಥವಾ ಐಬಿ ಪರೀಕ್ಷೆಗಳನ್ನು, ಎಷ್ಟು ಮಕ್ಕಳು ಬರೆದರು, ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಬಗೆಯ ವಿಷಯಗಳಲ್ಲಿ ಬರೆದರು ಎಂಬುದಕ್ಕೆ ಹೋಗುತ್ತದೆ. ಮಕ್ಕಳನ್ನು ಟ್ಯೂಷನ್‌ಗೆ ಕಳಿಸಿ, ಒಂಬತ್ತನೆಯಲ್ಲೇ ಎಪಿಗೆ ಅಣಿ ಮಾಡುವ ಮನೆಗಳು ಹೆಚ್ಚಿರುವ ಬಡಾವಣೆಯ ಶಾಲೆ ಮೇಲೇರುತ್ತದೆ. ಮೇಲೇರಿದ್ದನ್ನು ಕಂಡು ಅಂಥದೇ ಇನ್ನಷ್ಟು ಮನೆಗಳು ಅಲ್ಲಿಗೆ ಬರುತ್ತವೆ. ಬಾಡಿಗೆ ಏರುತ್ತದೆ, ಬಾಡಿಗೆ ಕಟ್ಟಲಾರದವರು ಹೊರಡುತ್ತಾರೆ, ಅಂಕ ಇನ್ನೂ ಏರುತ್ತದೆ. ಈ ಚಕ್ರದಲ್ಲಿ ಮೇಷ್ಟ್ರು ಚೆನ್ನಾಗಿ ಪಾಠ ಮಾಡಿದರೋ ಇಲ್ಲವೋ ಎಂಬುದು ಎಲ್ಲೂ ಕಾಣುವುದಿಲ್ಲ.

ಐದು ಶಾಲೆಗಳ ಮೇಷ್ಟ್ರುಗಳಿಗೂ ಒಂದೇ ಸಂಬಳದ ಪಟ್ಟಿ. ಉತ್ತೀರ್ಣರಾಗಲು ಬೇಕಾದ ಕ್ರೆಡಿಟ್ ಎಲ್ಲ ಕಡೆ ಒಂದೇ, ಶಾಲಾ ಕ್ಯಾಲೆಂಡರ್ ಒಂದೇ, ಮಂಡಳಿ ಒಂದೇ. ಐದೂ ಶಾಲೆಗಳಲ್ಲಿ ರೊಬೊಟಿಕ್ಸ್ ತಂಡವಿದೆ. ಬಹಳ ದೊಡ್ಡದಾಗಿ ಬೇರೆಯಾಗುವುದು ಒಳಗೆ ಬರುವ ಮಕ್ಕಳ ಮನೆಯ ಹಿನ್ನೆಲೆ. ಫ್ರೀಮಾಂಟ್ ಹೈಗೆ ಬರುವವರಲ್ಲಿ ಕಡಿಮೆ ಆದಾಯದ ಕುಟುಂಬಗಳ, ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಅಪ್ಪ ಅಮ್ಮ ಕಾಲೇಜು ಮೆಟ್ಟಿಲು ಹತ್ತದ ಮಕ್ಕಳು ಉಳಿದ ನಾಲ್ಕಕ್ಕಿಂತ ಹೆಚ್ಚು. ಆ ಶಾಲೆಯ ಸರಾಸರಿ ಕಡಿಮೆಯಿದ್ದರೆ ಅದು ಮುಖ್ಯವಾಗಿ ಈ ಸಂಗತಿಯ ಸರಾಸರಿ. ನಮ್ಮಲ್ಲಿ ಶೇಕಡಾ ನೂರು ಫಲಿತಾಂಶದ ಫ್ಲೆಕ್ಸ್ ನೋಡಿ ಶಾಲೆ ಅಳೆಯುವ ಅಭ್ಯಾಸ ಇರುವವರಿಗೆ ಈ ಮಾತು ಹೊಸದೇನಲ್ಲ. ಆದರೆ ವಿಮಾನ ಹತ್ತಿದ ಮೇಲೆ ಮರೆತುಹೋಗುತ್ತದೆ.

ಹಾಗಾದರೆ ಅಂಕಿಯನ್ನು ಓದುವುದು ಹೇಗೆ?

ರಾಜ್ಯದ ಶಿಕ್ಷಣ ಇಲಾಖೆಯೇ ಎಲ್ಲವನ್ನೂ ಬಹಿರಂಗವಾಗಿ ಇಟ್ಟಿದೆ. ಅಲ್ಲಿಗೆ ಹೋಗುವವರು ಕಡಿಮೆ ಅಷ್ಟೇ. ಕ್ಯಾಲಿಫೋರ್ನಿಯ ಸ್ಕೂಲ್ ಡ್ಯಾಶ್‌ಬೋರ್ಡ್ ಎಂಬಲ್ಲಿ ಪ್ರತಿ ಶಾಲೆಗೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಐದು ಬಣ್ಣಗಳಲ್ಲಿ ಗುರುತು ಹಾಕುತ್ತಾರೆ. ಕೆಂಪು ಕೆಟ್ಟದ್ದು, ನೀಲಿ ಒಳ್ಳೆಯದು. ಬಣ್ಣ ಎರಡು ಸಂಗತಿ ಸೇರಿ ಬರುತ್ತದೆ: ಈ ವರ್ಷ ಎಲ್ಲಿದೆ ಎಂಬುದು, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದು. ಹೀಗಾಗಿ ಮೇಲಿರುವ ಶಾಲೆ ಸ್ವಲ್ಪ ಜಾರಿದರೂ ಬಣ್ಣ ಬದಲಾಗಬಹುದು. ಬಣ್ಣ ನೋಡಿ ನಿಲ್ಲದೆ ಒಳಗಿನ ಅಂಕಿಗೆ ಹೋಗಿ.

ಹೈಸ್ಕೂಲಿನಲ್ಲಿ ರಾಜ್ಯದ ಇಂಗ್ಲಿಷ್ ಮತ್ತು ಗಣಿತ ಪರೀಕ್ಷೆ ನಡೆಯುವುದು 11ನೇ ತರಗತಿಯಲ್ಲಿ ಮಾತ್ರ. ನಾಲ್ಕು ವರ್ಷದ ಶಾಲೆಯನ್ನು ಒಂದು ತರಗತಿಯ ಒಂದು ಪರೀಕ್ಷೆ ಪ್ರತಿನಿಧಿಸುತ್ತದೆ. ಪೋಷಕರು ಪತ್ರ ಕೊಟ್ಟು ಮಗುವನ್ನು ಆ ಪರೀಕ್ಷೆಯಿಂದ ಹೊರಗಿಡಲೂಬಹುದು. ಮೇ ತಿಂಗಳಲ್ಲಿ ಎಪಿ ಪರೀಕ್ಷೆಗಳ ಭರಾಟೆಯಿರುವ ಶಾಲೆಯಲ್ಲಿ ಹಾಗೆ ಹೊರಗುಳಿಯುವ ಆಸೆ ಸಹಜ. ಆದ್ದರಿಂದ ಶೇಕಡಾವಾರು ನೋಡುವ ಮೊದಲು ಎಷ್ಟು ಮಂದಿ ಬರೆದರು ಎಂಬ ಕಾಲಂ ನೋಡಿ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುವ ಉಪಾಯ. ಈ ಪರೀಕ್ಷೆಯ ಫಲಿತಾಂಶದ ಪುಟದಲ್ಲಿ ಮಕ್ಕಳನ್ನು ಗುಂಪುಗಳಾಗಿ ಬಿಡಿಸಿ ನೋಡಬಹುದು. ಅದರಲ್ಲಿ ತಂದೆ ತಾಯಿಯ ವಿದ್ಯಾಭ್ಯಾಸ ಎಂಬ ವಿಭಾಗವೂ ಇದೆ. ನೀವು ಪದವೀಧರರಾದರೆ ಪದವೀಧರರ ಮಕ್ಕಳ ಗುಂಪನ್ನು ಆರಿಸಿ, ಸ್ನಾತಕೋತ್ತರರಾದರೆ ಆ ಗುಂಪನ್ನು. ಅದೇ ಗುಂಪು ಐದೂ ಶಾಲೆಗಳಲ್ಲಿ ಹೇಗೆ ಮಾಡಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಮೂರು ವರ್ಷದ್ದು. ಶಾಲೆಯ ಒಟ್ಟು ಸರಾಸರಿಗಳ ನಡುವೆ ಕಂಡಿದ್ದ ಅಂತರದಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕರಗುತ್ತದೆ ನೋಡಿ. ಉಳಿದ ಅಂತರಕ್ಕೆ ಬೆಲೆ ಕೊಡಿ, ಕರಗಿದ್ದಕ್ಕೆ ಬಾಡಿಗೆ ಕೊಡಬೇಡಿ. ಗುಂಪಿನಲ್ಲಿ ಮಕ್ಕಳು ತೀರಾ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಕಾಣುತ್ತದೆ. ಅದು ತಪ್ಪಲ್ಲ, ಮಕ್ಕಳ ಗುರುತು ಸಿಗದಿರಲೆಂದು ಮುಚ್ಚಿರುವುದು.

ಕಾಗದಗಳಲ್ಲಿ ಇನ್ನು ಮೂರನ್ನು ಹುಡುಕಿ. ಮೊದಲನೆಯದು ಪ್ರತಿ ವರ್ಷ ಫೆಬ್ರುವರಿ 1ರೊಳಗೆ ಪ್ರಕಟವಾಗಬೇಕಾದ ಸ್ಕೂಲ್ ಅಕೌಂಟಬಿಲಿಟಿ ರಿಪೋರ್ಟ್ ಕಾರ್ಡ್. ಅರ್ಹತೆಯಿರುವ ಶಿಕ್ಷಕರೆಷ್ಟು, ತರಗತಿಯ ಗಾತ್ರವೇನು, ಕಟ್ಟಡದ ಸ್ಥಿತಿಯೇನು ಎಲ್ಲ ಅದರಲ್ಲಿರುತ್ತದೆ. ಎರಡನೆಯದು ಕಾಲೇಜುಗಳಿಗೆ ಕಳಿಸಲೆಂದು ಶಾಲೆಯ ಕೌನ್ಸೆಲರುಗಳು ತಯಾರಿಸುವ ಎರಡು ನಾಲ್ಕು ಪುಟಗಳ ಸ್ಕೂಲ್ ಪ್ರೊಫೈಲ್. ಮೂರನೆಯದು ಪಶ್ಚಿಮ ರಾಜ್ಯಗಳ ಮಾನ್ಯತಾ ಸಂಸ್ಥೆಗಾಗಿ ಶಾಲೆ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಸ್ವಯಂ ಅಧ್ಯಯನ ವರದಿ. ನೂರಾರು ಪುಟದ ಆ ವರದಿ ಓದಲು ಬೇಸರ, ನಿಜ. ಆದರೆ ನಮ್ಮಲ್ಲಿ ಇನ್ನೂ ಏನು ಸರಿಯಿಲ್ಲ ಎಂದು ಶಾಲೆಯೇ ಒಪ್ಪಿಕೊಳ್ಳುವ ಅಧ್ಯಾಯ ಅದರಲ್ಲಿರುತ್ತದೆ. ಆ ಅಧ್ಯಾಯವೊಂದನ್ನೇ ಓದಿದರೂ ಸಾಕು. ಜೊತೆಗೆ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳನ್ನು ತಪ್ಪದೆ ಓದಿ: ಮೋಂಟಾ ವಿಸ್ಟಾದ 'ಎಲ್ ಎಸ್ಟೊಕೆ', ಹೋಮ್‌ಸ್ಟೆಡ್‌ನ 'ದಿ ಎಪಿಟಾಫ್', ಲಿನ್‌ಬ್ರುಕ್‌ನ 'ದಿ ಎಪಿಕ್'. ನಿದ್ದೆ, ನಕಲು, ಗ್ರೇಡಿನ ಹೆದರಿಕೆ, ಕ್ಲಬ್ಬುಗಳ ಒಳರಾಜಕೀಯ, ಯಾವ ಮೇಷ್ಟ್ರ ಕ್ಲಾಸಿಗೆ ನೂಕುನುಗ್ಗಲು ಎಂಬುದೆಲ್ಲ ರ‍್ಯಾಂಕಿಂಗಿನಲ್ಲಿ ಸಿಗುವುದಿಲ್ಲ, ಇಂಥಲ್ಲಿ ಸಿಗುತ್ತದೆ.

ದೊಡ್ಡ ಶಾಲೆಯಲ್ಲಿ ನಿಮ್ಮ ಮಗು ಎಷ್ಟನೆಯದು?

ಕನ್ನಡದ ತಂದೆ ತಾಯಿಯರು ಸಾಮಾನ್ಯವಾಗಿ ಎಲ್ಲರಿಗಿಂತ ಮೇಲಿನ ಶಾಲೆ ಹುಡುಕುತ್ತಾರೆ. ಆ ಶಾಲೆಯೊಳಗೆ ಮಗು ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದನ್ನು ಮರೆಯುತ್ತಾರೆ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದ, ಅಂದರೆ ಬರ್ಕ್ಲಿ, ಲಾಸ್ ಏಂಜಲಿಸ್, ಡೇವಿಸ್ ಮುಂತಾದ ಕ್ಯಾಂಪಸ್ಸುಗಳ ಪ್ರವೇಶ ನಿಯಮಗಳಲ್ಲಿ ಇದಕ್ಕೆ ನೇರ ಬೆಲೆಯಿದೆ. ಅಲ್ಲಿ ಪ್ರತಿ ಹೈಸ್ಕೂಲಿನ ಮೇಲಿನ ಶೇಕಡಾ 9 ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸುವ ವ್ಯವಸ್ಥೆಯಿದೆ. ರಾಜ್ಯಕ್ಕೆ ಹೋಲಿಸಿ ಅಲ್ಲ, ಅದೇ ಶಾಲೆಯ ಅಳತೆಗೆ ಹೋಲಿಸಿ. ಹಾಗೆ ಗುರುತಾದವರಿಗೆ ತಾವು ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗವಿರುವ ಇನ್ನೊಂದು ಕ್ಯಾಂಪಸ್ಸಿನಲ್ಲಿ ಸೀಟಿನ ಭರವಸೆ ಇರುತ್ತದೆ. ಎಸ್‌ಎಟಿ ಅಂಕಗಳನ್ನು ಈ ವಿಶ್ವವಿದ್ಯಾಲಯ ಪ್ರವೇಶಕ್ಕೆ ಈಗ ನೋಡುವುದೇ ಇಲ್ಲ. ಹೈಸ್ಕೂಲಿನ ಗ್ರೇಡುಗಳೇ, ಅದರಲ್ಲೂ 10 ಮತ್ತು 11ನೇ ತರಗತಿಯವು, ಮುಖ್ಯ. ತನ್ನ ಶಾಲೆ ಕೊಟ್ಟ ಅವಕಾಶಗಳನ್ನು ಮಗು ಎಷ್ಟು ಬಳಸಿಕೊಂಡಿತು ಎಂದೂ ಅವರು ನೋಡುತ್ತಾರೆ.

ಒಬ್ಬನೇ ಹುಡುಗ ಲಿನ್‌ಬ್ರುಕ್‌ನಲ್ಲಿ ಆ 9ರ ಹೊರಗೆ, ಪಕ್ಕದ ಶಾಲೆಯಲ್ಲಿ ಒಳಗೆ ಇರಬಹುದು. ಇದನ್ನು ಹೇಳಿದರೆ ಕೆಲವರು ಮೂಗು ಮುರಿಯುತ್ತಾರೆ, ಸ್ಪರ್ಧೆ ಕಡಿಮೆಯಿರುವ ಕಡೆ ಹೋಗಿ ಮೇಲೆ ಕಾಣುವುದೇನು ದೊಡ್ಡಸ್ತಿಕೆ ಎಂದು. ದೊಡ್ಡಸ್ತಿಕೆಯ ಪ್ರಶ್ನೆಯೇ ಅಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಪ್ರತಿ ತರಗತಿಯಲ್ಲೂ ತಾನು ನಡುವಿನವನು ಎಂದು ನಾಲ್ಕು ವರ್ಷ ಕೇಳಿಸಿಕೊಳ್ಳುವ ಮಗು ಗಣಿತವನ್ನೇ ಬಿಟ್ಟುಬಿಡಬಹುದು. ಇನ್ನೊಂದು ಮಗುವಿಗೆ ಅದೇ ಸ್ಪರ್ಧೆ ಹುಮ್ಮಸ್ಸು ತರಬಹುದು. ನಿಮ್ಮ ಮಗು ಯಾವ ಬಗೆ ಎಂಬುದು ನಿಮಗೇ ಗೊತ್ತು, ಗ್ರೇಟ್‌ಸ್ಕೂಲ್ಸ್‌ಗೆ ಗೊತ್ತಿಲ್ಲ.

ಅದೇ ವಿಶ್ವವಿದ್ಯಾಲಯದ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಯಾವ ಹೈಸ್ಕೂಲಿನಿಂದ ಯಾವ ಕ್ಯಾಂಪಸ್ಸಿಗೆ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಸಿಕ್ಕಿತು ಎಂಬುದು ವರ್ಷವಾರು ಸಿಗುತ್ತದೆ. ಐದೂ ಶಾಲೆಗಳದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಮಂದಿಗೆ ಸಿಕ್ಕಿತು ಎಂಬ ಸಂಖ್ಯೆಗಿಂತ ಅರ್ಜಿ ಹಾಕಿದವರಲ್ಲಿ ಎಷ್ಟನೇ ಪಾಲಿಗೆ ಸಿಕ್ಕಿತು ಎಂಬುದು ಮಾತಾಡುತ್ತದೆ.

ಒತ್ತಡದ ಮಾತನ್ನು ಇಲ್ಲಿಯೇ ಆಡಿಬಿಡುತ್ತೇನೆ. 2005ರ ನವೆಂಬರಿನಲ್ಲಿ 'ದಿ ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಮೋಂಟಾ ವಿಸ್ಟಾ ಮತ್ತು ಲಿನ್‌ಬ್ರುಕ್‌ಗಳಿಂದ ಬಿಳಿಯರ ಕುಟುಂಬಗಳು ದೂರ ಸರಿಯುತ್ತಿರುವುದನ್ನು ವರದಿ ಮಾಡಿತ್ತು. ಶಾಲೆ ಕಳಪೆ ಎಂದು ಯಾರೂ ದೂರಿರಲಿಲ್ಲ, ಓದು ಅತಿಯಾಯಿತು ಎಂಬುದೇ ದೂರು. ಆ ವರದಿಯ ಜನಾಂಗದ ಕೋನ ಬಹಳ ಚರ್ಚೆಗೂ ಒಳಗಾಯಿತು. ಅದನ್ನು ಬದಿಗಿಟ್ಟರೂ ಒತ್ತಡ ಸುಳ್ಳಲ್ಲ. ಉತ್ತರಕ್ಕಿರುವ ಪಾಲೊ ಆಲ್ಟೊದಲ್ಲಿ ಹದಿಹರೆಯದವರ ಆತ್ಮಹತ್ಯೆಗಳು ಸಾಲಾಗಿ ನಡೆದ ಮೇಲೆ 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಅಧ್ಯಯನಕ್ಕೆ ತಂಡ ಕಳಿಸಿತ್ತು. ಕ್ಯಾಲಿಫೋರ್ನಿಯ ಹೆಲ್ದಿ ಕಿಡ್ಸ್ ಸರ್ವೆ ಎಂಬ ಸಮೀಕ್ಷೆ ಮಕ್ಕಳನ್ನೇ ಕೇಳುತ್ತದೆ: ಶಾಲೆಯಲ್ಲಿ ನಿನ್ನ ಕಾಳಜಿ ಮಾಡುವ ದೊಡ್ಡವರು ಯಾರಾದರೂ ಇದ್ದಾರಾ, ದೀರ್ಘ ಕಾಲ ಬೇಸರ ಕಾಡಿದ್ದುಂಟಾ ಎಂದು. ಡಿಸ್ಟ್ರಿಕ್ಟಿನ ವರದಿ ಸಾರ್ವಜನಿಕ. ನೀವು ನೋಡುತ್ತಿರುವ ಶಾಲೆಯ ವರದಿಯನ್ನು ಕೇಳಿ ಪಡೆಯಿರಿ. ಯಾವ ಮನೆ ಏಜೆಂಟೂ ಇದನ್ನು ನಿಮಗೆ ತೋರಿಸುವುದಿಲ್ಲ.

ನೇರ ಕರ್ನಾಟಕದಿಂದ ಬರುವವರಿಗೆ

ದಾಖಲಾತಿಯ ಕಾಗದಗಳಲ್ಲಿ ಮನೆಭಾಷೆಯ ಸಮೀಕ್ಷೆ ಎಂಬ ಪುಟವಿರುತ್ತದೆ. ಅಲ್ಲಿ ಕನ್ನಡ ಎಂದು ಬರೆದರೆ 30 ದಿನಗಳೊಳಗೆ ಮಗುವಿಗೆ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ಬೇಡ, ನಿಜ ಬರೆಯಿರಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಅದು ದೊಡ್ಡ ತೊಡಕಲ್ಲ. ನಿಜವಾಗಿ ನೆರವು ಬೇಕಿರುವ ಮಗುವಿಗೆ ಆ ನೆರವು ಸಿಗುವುದೇ ಈ ಪರೀಕ್ಷೆಯಿಂದ. ಅಂಥ ತರಗತಿಗಳು ದಿನದ ವೇಳಾಪಟ್ಟಿಯಲ್ಲಿ ಜಾಗ ತಿನ್ನುತ್ತವೆ, ಆದ್ದರಿಂದ ಉಳಿದ ವಿಷಯಗಳನ್ನು ಹೇಗೆ ಜೋಡಿಸುತ್ತಾರೆ ಎಂದು ಆಯಾ ಶಾಲೆಯಲ್ಲಿ ವಿಚಾರಿಸಿ.

ಗಣಿತ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ: ಆಲ್ಜೀಬ್ರಾ, ಜ್ಯಾಮಿತಿ, ಎರಡನೇ ಆಲ್ಜೀಬ್ರಾ, ಆಮೇಲೆ ಕಲನಶಾಸ್ತ್ರದ ಕಡೆಗೆ. ನಮ್ಮಲ್ಲಿ ಎಲ್ಲವೂ ಒಂದೇ ಪುಸ್ತಕದಲ್ಲಿ ಬೆರೆತಿರುವುದರಿಂದ ಮಗುವನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕೆಂದು ಕೌನ್ಸೆಲರಿಗೆ ತಕ್ಷಣ ತಿಳಿಯುವುದಿಲ್ಲ. ಕೆಳಗೆ ನಿಲ್ಲಿಸಿದರೆ ನಾಲ್ಕು ವರ್ಷದಲ್ಲಿ ಕಲನಶಾಸ್ತ್ರ ತಲುಪುವುದು ಕಷ್ಟ. ಪಠ್ಯಪುಸ್ತಕವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಪ್ಲೇಸ್‌ಮೆಂಟ್ ಪರೀಕ್ಷೆ ಕೇಳಿ. ಐದು ಶಾಲೆಗಳ ನಡುವಿನ ವ್ಯತ್ಯಾಸಕ್ಕಿಂತ ಈ ಒಂದು ನಿರ್ಧಾರದ ಪರಿಣಾಮ ದೊಡ್ಡದು ಎಂದೇ ನನ್ನ ಅನಿಸಿಕೆ.

ಎಸ್ಸೆಸ್ಸೆಲ್ಸಿ ಮುಗಿಸಿ ಬರುವವರು 9ನೇ ತರಗತಿಯ ಅಂಕಪಟ್ಟಿಯನ್ನೂ ಶಾಲೆಯ ಮೊಹರಿನೊಂದಿಗೆ ತರಬೇಕು. ನಮ್ಮಲ್ಲಿ ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಅಲ್ಲಿ ಹೈಸ್ಕೂಲಿನ ಲೆಕ್ಕ ಒಂಬತ್ತರಿಂದಲೇ ಶುರು. ರಾಜ್ಯದ ವಿಶ್ವವಿದ್ಯಾಲಯಗಳು ಕೇಳುವ, ತಲಾ ಒಂದು ವರ್ಷದ 15 ವಿಷಯಗಳ ಪಟ್ಟಿಯಲ್ಲಿ ಇಂಗ್ಲಿಷಲ್ಲದ ಭಾಷೆ ಎರಡು ವರ್ಷ ಇರಬೇಕು. ಮಗು 6ನೇ ತರಗತಿಯಿಂದ ಮೇಲೆ ಕನಿಷ್ಠ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದನ್ನೇ ಈ ಷರತ್ತಿಗೆ ಪರಿಗಣಿಸಲು ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದ ನಿಯಮದಲ್ಲಿ ಅವಕಾಶವಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದಿದವರಿಗೆ ಇದು ತಾನಾಗಿ ಅನ್ವಯಿಸುವುದಿಲ್ಲ. ದ್ವಿಭಾಷಾ ಸಾಮರ್ಥ್ಯಕ್ಕೆ ಡಿಪ್ಲೊಮಾದ ಮೇಲೆ ಒತ್ತುವ ರಾಜ್ಯ ಮುದ್ರೆಯೊಂದಿದೆ. ಕನ್ನಡಕ್ಕೆ ಅದನ್ನು ಪಡೆಯುವ ದಾರಿಯನ್ನು ಮೊದಲ ವರ್ಷವೇ ಕೌನ್ಸೆಲರ್ ಬಳಿ ಕೇಳಿ.

ಲಸಿಕೆಯ ವಿಷಯವೂ ಇದೆ. ಕ್ಯಾಲಿಫೋರ್ನಿಯ ಶಾಲೆಗೆ ಸೇರಲು ಸೀತಾಳೆ ಸಿಡುಬಿನ ಲಸಿಕೆ ಎರಡು ಡೋಸು ಬೇಕು. ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಅನೇಕ ಮಕ್ಕಳಿಗೆ ಹಾಕಿಸಿರುವುದಿಲ್ಲ. ಏಳನೇ ತರಗತಿ ದಾಟಿದವರಿಗೆ ಟಿಡ್ಯಾಪ್ ಕೂಡ ಕಡ್ಡಾಯ. ಸಾಂತಾ ಕ್ಲಾರ ಕೌಂಟಿಯಲ್ಲಿ ಕ್ಷಯರೋಗದ ತಪಾಸಣೆಯ ಚೀಟಿ ಕೇಳುತ್ತಾರೆ. ಹೊರಡುವ ಮೊದಲೇ ಮಕ್ಕಳ ಡಾಕ್ಟರ ಬಳಿ ಪೂರ್ತಿ ದಾಖಲೆ ಬರೆಸಿಕೊಳ್ಳಿ.

ಶಾಲೆಯ ಬಾಗಿಲಲ್ಲಿ

ಸಾಧ್ಯವಾದರೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲಿ. ಮಕ್ಕಳು ಗುಂಪಾಗಿ ನಡೆಯುತ್ತಾರೋ ಒಂಟಿಯಾಗಿ ಫೋನು ನೋಡುತ್ತ ಕಾರು ಹತ್ತುತ್ತಾರೋ, ಯಾರು ಯಾರ ಜೊತೆ ಮಾತಾಡುತ್ತಾರೆ, ಎಷ್ಟು ಮಂದಿ ಸೈಕಲ್ಲಲ್ಲಿ ಬರುತ್ತಾರೆ ನೋಡಿ. ಎಲ್ಲರಿಗೂ ಹಳದಿ ಬಸ್ಸು ಬರುತ್ತದೆ ಎಂಬ ಸಿನಿಮಾ ಕಲ್ಪನೆ ಬಿಡಿ. ಕ್ಯಾಲಿಫೋರ್ನಿಯದಲ್ಲಿ ಸಾಮಾನ್ಯ ವಿದ್ಯಾರ್ಥಿಗಳಿಗೆ ವಾಹನ ಒದಗಿಸಬೇಕೆಂಬ ಕಡ್ಡಾಯವಿಲ್ಲ. 2022ರಿಂದ ಜಾರಿಯಲ್ಲಿರುವ ಕಾನೂನಿನಂತೆ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗುವಂತಿಲ್ಲ. ನಿಮ್ಮ ಆಫೀಸಿನ ಹೊತ್ತಿಗೂ ಅದಕ್ಕೂ ಹೊಂದುತ್ತದೆಯೋ ನೋಡಿಕೊಳ್ಳಿ. ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ. ಸಸ್ಯಾಹಾರಿಗಳಿಗೆ ಅದರಲ್ಲಿ ಎಷ್ಟು ರುಚಿಸುತ್ತದೆ ಎಂಬುದು ಬೇರೆ ಮಾತು.

ಕೌನ್ಸೆಲರನ್ನು ಕಂಡಾಗ ಶಾಲೆಯಲ್ಲಿ ಎಷ್ಟು ಎಪಿ ಇದೆ ಎಂದು ಕೇಳಬೇಡಿ, ಅದು ಪಟ್ಟಿಯಲ್ಲೇ ಇದೆ. ಬಯಸಿದವರಿಗೆಲ್ಲ ಆ ವಿಷಯ ಸಿಗುತ್ತದೆಯೋ, ಹೋದ ವರ್ಷ ಸಾಕಷ್ಟು ಮಕ್ಕಳಿಲ್ಲವೆಂದು ಯಾವ ವಿಷಯಗಳನ್ನು ಕೈಬಿಟ್ಟಿರಿ, ಒಬ್ಬ ಕೌನ್ಸೆಲರಿಗೆ ಎಷ್ಟು ಮಕ್ಕಳು ಎಂದು ಕೇಳಿ. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ ಒಬ್ಬರಿಗೆ 250 ಎಂದು ಶಿಫಾರಸು ಮಾಡುತ್ತದೆ. ಕೈಬಿಟ್ಟ ವಿಷಯಗಳ ಪ್ರಶ್ನೆ ಇಲ್ಲಿ ವಿಶೇಷವಾಗಿ ಮುಖ್ಯ. ಮನೆಗಳ ಬೆಲೆಗೆ ಹೆದರಿ ಚಿಕ್ಕ ಮಕ್ಕಳ ಕುಟುಂಬಗಳು ಈ ಪ್ರದೇಶಕ್ಕೆ ಬರುವುದು ಕಡಿಮೆಯಾಗಿದೆ. ಕೆಳಗಿನ ತರಗತಿಗಳನ್ನು ನಡೆಸುವ ಕೂಪರ್ಟೀನೊ ಯೂನಿಯನ್ ಡಿಸ್ಟ್ರಿಕ್ಟ್ 2022ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿತು. ಆ ಇಳಿತ ಈಗ ಹೈಸ್ಕೂಲಿಗೆ ಬರುತ್ತಿದೆ. ಮಕ್ಕಳು ಕಡಿಮೆಯಾದಂತೆ ಆರ್ಕೆಸ್ಟ್ರಾ, ಜಪಾನಿ ಭಾಷೆ, ಆಟೊ ವರ್ಕ್‌ಶಾಪಿನಂಥ ಸಣ್ಣ ತರಗತಿಗಳಿಗೆ ಮೊದಲು ಪೆಟ್ಟು. ಇದರದೇ ಇನ್ನೊಂದು ಮುಖವೆಂದರೆ ಜಾಗ ಖಾಲಿಯಿರುವ ಶಾಲೆಗೆ ಡಿಸ್ಟ್ರಿಕ್ಟಿನೊಳಗಿನ ಬೇರೆ ಗಡಿಯವರನ್ನು ಸೇರಿಸಿಕೊಳ್ಳುವ ಅವಕಾಶ ಆಗಾಗ ತೆರೆಯುತ್ತದೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅರ್ಜಿಯ ಗಡುವು ಮೊದಲೇ ಮುಗಿದುಹೋಗುತ್ತದೆ.

ಮಗುವಿಗೆ ಕಲಿಕೆಯ ವಿಶೇಷ ನೆರವು ಬೇಕಿದ್ದರೆ ಹಕ್ಕು ಐದು ಶಾಲೆಗಳಲ್ಲೂ ಒಂದೇ, ಅದು ಕೇಂದ್ರ ಕಾನೂನಿನದು. ಆದರೆ ಕೆಲವು ವಿಶೇಷ ತರಗತಿಗಳು ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಮನೆ ಹಿಡಿಯುವ ಮುನ್ನವೇ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಮಾತಾಡಿ.

ಇನ್ನು ಪಾಠದ ಕೊರತೆಯಾದೀತು ಎಂಬ ಅಂಜಿಕೆ. ಕೂಪರ್ಟೀನೊದ ನಡುವೆಯೇ 1967ರಿಂದ ಡಿ ಆನ್ಜಾ ಕಾಲೇಜಿದೆ. ಯಾವ ಹೈಸ್ಕೂಲಿನ ವಿದ್ಯಾರ್ಥಿಯೂ ಶಾಲೆಯ ಒಪ್ಪಿಗೆ ಪಡೆದು ಅಲ್ಲಿ ಬೋಧನಾ ಶುಲ್ಕವಿಲ್ಲದೆ ಕೆಲವು ಕಾಲೇಜು ವಿಷಯ ಓದಬಹುದು. ಹೈಸ್ಕೂಲಿನಲ್ಲಿ ಗಣಿತ ಮುಗಿದವರು ಮುಂದಿನದನ್ನು ಅಲ್ಲಿ ಮಾಡುತ್ತಾರೆ. ಹೈಸ್ಕೂಲು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಓದಿ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯದ ಕ್ಯಾಂಪಸ್ಸಿಗೆ ವರ್ಗವಾಗುವ ದಾರಿಯೂ ಗಟ್ಟಿ. ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಮುಂಚಿತ ಖಾತ್ರಿಯನ್ನೇ ಕೊಡುತ್ತವೆ, ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಬಿಟ್ಟು. ಊರಿನಲ್ಲಿರುವ ಅಜ್ಜ ಅಜ್ಜಿಗೆ ಕಮ್ಯುನಿಟಿ ಕಾಲೇಜು ಎಂದರೆ ಹೇಗೋ ಕೇಳಿಸಬಹುದು. ಖರ್ಚಿನ ಲೆಕ್ಕ ತೋರಿಸಿದರೆ ಅರ್ಥವಾಗುತ್ತದೆ.

ಐದರಲ್ಲಿ ಯಾವುದು ಎಂದು ನನ್ನನ್ನು ಒತ್ತಾಯಿಸಿದರೆ: ಹೊರಗಿನ ಪೈಪೋಟಿಯಿಂದಲೇ ಚುರುಕಾಗುವ, ಗಣಿತ ವಿಜ್ಞಾನದಲ್ಲಿ ಈಗಾಗಲೇ ಮುಂದಿರುವ, ಸೋತರೂ ರಾತ್ರಿ ನಿದ್ದೆ ಮಾಡುವ ಮಗುವಿಗೆ ಮೋಂಟಾ ವಿಸ್ಟಾ, ಲಿನ್‌ಬ್ರುಕ್ ಸರಿ, ಬಾಡಿಗೆ ನಿಮಗೆ ಭಾರವಾಗದಿದ್ದರೆ. ಬೇರೆ ದೇಶಕ್ಕೆ ಆಗತಾನೆ ಬಂದಿಳಿದ, ಭಾಷೆ, ಗೆಳೆಯರು, ಊಟ ಎಲ್ಲಕ್ಕೂ ಒಟ್ಟಿಗೆ ಹೊಂದಿಕೊಳ್ಳಬೇಕಾದ ಮಗುವಿಗೆ ನಾನಾದರೆ ಹೋಮ್‌ಸ್ಟೆಡ್ ಅಥವಾ ಕೂಪರ್ಟೀನೊ ಹೈ ಮೊದಲು ನೋಡುತ್ತೇನೆ. ಫ್ರೀಮಾಂಟ್ ಹೈ ಗಡಿಯಲ್ಲಿ ನಡೆದು ಹೋಗುವಷ್ಟು ಹತ್ತಿರ ಒಳ್ಳೆಯ ಮನೆ ಸಿಕ್ಕರೆ ನಂಬರು ನೋಡಿ ಬಿಡಬೇಡಿ. ಹೋಗಿ ಕೌನ್ಸೆಲರನ್ನು ಕಂಡು, ಮೇಲೆ ಹೇಳಿದ ಪ್ರಶ್ನೆಗಳನ್ನೇ ಕೇಳಿ ಬನ್ನಿ. ಲೀಸ್‌ಗೆ ಸಹಿ ಅದಾದ ಮೇಲೆ.